ಗೆಲಾಕ್ಸಿಗಳ ಮುಪ್ಪನ್ನು ಲೆಕ್ಕ ಹಾಕಿದ ಬಿಯಾಟ್ರಿಸ್ ಟಿನ್ಸ್ಲಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಮೂಲೆಯಲ್ಲಿರುವ ಫಿಯೋರ್ಡ್‌ಲ್ಯಾಂಡ್ ಪ್ರದೇಶದಲ್ಲಿ ಕೆಪ್ಲರ್ ಪರ್ವತಶ್ರೇಣಿ ಎಂಬುದೊಂದಿದೆ. ಗ್ರಹಗಳ ಚಲನೆಯ ನಿಯಮಗಳನ್ನು ನಿರೂಪಿಸಿದ ಜರ್ಮನ್ ವಿಜ್ಞಾನಿಯ ಹೆಸರನ್ನು ಹೊತ್ತ ಆ ಶ್ರೇಣಿಯ ಒಂದು ಶಿಖರಕ್ಕೆ 2010ರ ಡಿಸೆಂಬರ್‌ನಲ್ಲಿ ಮೌಂಟ್ ಟಿನ್ಸ್ಲಿ ಎಂದು ನಾಮಕರಣ ಮಾಡಲಾಯಿತು. ಬಿಯಾಟ್ರಿಸ್ ಟಿನ್ಸ್ಲಿ ಕಾಲವಾಗಿ ಆ ವೇಳೆಗೆ ಮೂರು ದಶಕಗಳು ಸಮೀಪಿಸಿದ್ದವು. ಅವರು ಬದುಕಿದ್ದು ಕೇವಲ ನಲವತ್ತು ವರ್ಷ. ಸಂಶೋಧನೆಗೆ ದೊರೆತದ್ದು ಸುಮಾರು ಹದಿನಾಲ್ಕು ವರ್ಷ. ನಮ್ಮಲ್ಲಿ ಅವರ ಹೆಸರನ್ನು ಕೇಳಿದವರು ವಿರಳ. ಆದರೆ ಗೆಲಾಕ್ಸಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿ ಜಗತ್ತಿನ ಯಾವುದೇ ಮೂಲೆಯಲ್ಲಿರಲಿ, ಆತ ನಡೆಯುತ್ತಿರುವುದು ಈಕೆ ಹಾಕಿಕೊಟ್ಟ ದಾರಿಯಲ್ಲಿ.

ಗೆಲಾಕ್ಸಿಗಳು ಹುಟ್ಟಿದಂತೆಯೇ ಉಳಿಯುತ್ತವೆಯೇ, ಅಥವಾ ಅವಕ್ಕೂ ಯೌವನ, ಮುಪ್ಪು ಎಂಬುದುಂಟೇ? ಮುಪ್ಪು ಇರುವುದಾದರೆ ಕೆಲವು ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳ ಹುಟ್ಟು ಏಕೆ ನಿಂತುಹೋಗುತ್ತದೆ? ಟಿನ್ಸ್ಲಿ ತಮ್ಮ ಬದುಕನ್ನು ಸವೆಸಿದ್ದು ಈ ಪ್ರಶ್ನೆಗಳ ಬೆನ್ನು ಹತ್ತಿ.

ಪ್ರಶ್ನೆಯ ತೂಕ ಅರಿವಾಗಬೇಕಾದರೆ ಒಂದೆರಡು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗೆಲಾಕ್ಸಿ ಎಂದರೆ ಕೋಟ್ಯಂತರ ನಕ್ಷತ್ರಗಳು ಗುರುತ್ವದ ಕಟ್ಟಿಗೆ ಸಿಕ್ಕಿ ಒಟ್ಟಾಗಿರುವ ಸಮೂಹ. ನಮ್ಮ ಸೂರ್ಯ ಇರುವ ಆಕಾಶಗಂಗೆಯೂ ಅಂಥದ್ದೊಂದು. ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಜಲಜನಕ ಮುಖ್ಯವಾಗಿರುವ ಅನಿಲದ ಮೋಡಗಳಿರುತ್ತವೆ. ಆ ಮೋಡಗಳು ತಣಿದು, ತಮ್ಮದೇ ತೂಕಕ್ಕೆ ಕುಸಿದಾಗ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಆಕಾಶಗಂಗೆಯಲ್ಲಿ ಈಗಲೂ ವರ್ಷವೊಂದಕ್ಕೆ ಸರಿಸುಮಾರು ಒಂದೆರಡು ಸೂರ್ಯರಷ್ಟು ದ್ರವ್ಯ ಹೀಗೆ ನಕ್ಷತ್ರವಾಗಿ ಮಾರ್ಪಡುತ್ತಿದೆ. ಹುಟ್ಟಿದ ನಕ್ಷತ್ರಗಳಲ್ಲಿ ಭಾರವಾದವು ನೀಲಿ ಬಣ್ಣದಲ್ಲಿ ಪ್ರಖರವಾಗಿ ಉರಿದು ಬಹುಬೇಗ ಮುಗಿದುಹೋಗುತ್ತವೆ. ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರದ ಆಯಸ್ಸು ಎರಡು ಮೂರು ಕೋಟಿ ವರ್ಷ ಮಾತ್ರ. ಸೂರ್ಯನಂಥ ನಕ್ಷತ್ರದ್ದು ಸುಮಾರು 1,000 ಕೋಟಿ ವರ್ಷ. ಆದುದರಿಂದ ದೂರದಿಂದ ನೀಲಿಯಾಗಿ ಕಾಣುವ ಗೆಲಾಕ್ಸಿಯಲ್ಲಿ ತೊಟ್ಟಿಲು ಇನ್ನೂ ತೂಗುತ್ತಿದೆ ಎಂದೂ, ಕೆಂಪಡರಿದ ಗೆಲಾಕ್ಸಿಯಲ್ಲಿ ಬಹುಕಾಲದಿಂದ ಹೆರಿಗೆಯೇ ಆಗಿಲ್ಲವೆಂದೂ ಸ್ಥೂಲವಾಗಿ ಹೇಳಬಹುದು. ಸುರುಳಿ ಆಕಾರದ ಗೆಲಾಕ್ಸಿಗಳು ಬಹುಪಾಲು ಮೊದಲ ಬಗೆಯವು. ಕನ್ಯಾ ರಾಶಿಯ ದಿಕ್ಕಿನಲ್ಲಿರುವ ಎಂ-87ರಂತಹ ಅಂಡಾಕಾರದ ದೈತ್ಯರು ಎರಡನೆಯ ಬಗೆಯವು.

ಟಿನ್ಸ್ಲಿ ಈ ಕ್ಷೇತ್ರಕ್ಕೆ ಬರುವವರೆಗೆ ಈ ಎರಡು ಬಗೆಗಳನ್ನು ವಿಂಗಡಿಸಿ, ಪಟ್ಟಿ ಮಾಡಿ ಇಡಲಾಗಿತ್ತು. ಒಂದು ಗೆಲಾಕ್ಸಿ ಕಾಲಾಂತರದಲ್ಲಿ ಹೇಗೆ ಬದಲಾಗುತ್ತದೆಂದು ಅಂಕಿಗಳಲ್ಲಿ ಲೆಕ್ಕ ಹಾಕಲು ಹೊರಟವರು ತೀರ ಕಡಿಮೆ.

ಚೆಸ್ಟರ್‌ನಿಂದ ನ್ಯೂ ಪ್ಲಿಮತ್‌ಗೆ

ಬಿಯಾಟ್ರಿಸ್ ಮ್ಯೂರಿಯಲ್ ಹಿಲ್ ಹುಟ್ಟಿದ್ದು 1941ರ ಜನವರಿ 27ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳ ಕಾಲ ಅದು. ಮೂವರು ಹೆಣ್ಣುಮಕ್ಕಳಲ್ಲಿ ಇವರು ನಡುವಿನವರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಕುಟುಂಬ ನ್ಯೂಜಿಲೆಂಡಿಗೆ ವಲಸೆ ಹೋಯಿತು. ಕೆಲಕಾಲ ಕ್ರೈಸ್ಟ್‌ಚರ್ಚ್‌ನಲ್ಲಿದ್ದು ಬಳಿಕ ನ್ಯೂ ಪ್ಲಿಮತ್ ಎಂಬ ಊರಿನಲ್ಲಿ ನೆಲೆ ನಿಂತಿತು. ತಂದೆ ಎಡ್ವರ್ಡ್ ಹಿಲ್ ಪಾದ್ರಿಯಾಗಿದ್ದವರು; ಮುಂದೆ ಆ ಊರಿನ ಮೇಯರ್ ಕೂಡ ಆದರು. ತಂದೆ ಮಗಳ ನಡುವೆ ಕಡೆಯವರೆಗೂ ಪತ್ರವ್ಯವಹಾರ ನಡೆದಿತ್ತು. ಮಗಳು ತೀರಿಕೊಂಡ ಐದು ವರ್ಷಗಳ ನಂತರ, 1986ರಲ್ಲಿ, ಅದೇ ತಂದೆ ಆ ಪತ್ರಗಳ ನೆರವಿನಿಂದ ಆಕೆಯ ಜೀವನಕಥೆಯನ್ನು ಪುಸ್ತಕವಾಗಿ ಬರೆದರು. ಟಿನ್ಸ್ಲಿಯವರ ಅಂತರಂಗದ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹಳಷ್ಟು ಆ ಕೃತಿಯಿಂದಲೇ ಬಂದಿರುವುದು.

ಶಾಲೆಯಲ್ಲಿ ಗಣಿತ ಮತ್ತು ಪಿಟೀಲು ಎರಡರಲ್ಲೂ ಮುಂದಿದ್ದರು. ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್ಬರಿ ವಿಶ್ವವಿದ್ಯಾಲಯಕ್ಕೆ ಸೇರುವ ಹೊತ್ತಿಗೇ ವಿಶ್ವರಚನೆಯ ಅಧ್ಯಯನ ತಮ್ಮ ದಾರಿ ಎಂದು ನಿಶ್ಚಯಿಸಿದ್ದರು. ಆದರೆ ಸ್ನಾತಕೋತ್ತರ ಪ್ರಬಂಧಕ್ಕೆ ಅಲ್ಲಿ ಸಿಕ್ಕಿದ ವಿಷಯ ಸ್ಫಟಿಕಗಳ ಭೌತವಿಜ್ಞಾನ. ಅದನ್ನೇ ಉನ್ನತ ದರ್ಜೆಯಲ್ಲಿ ಮುಗಿಸಿದರು. 1961ರಲ್ಲಿ ಸಹಪಾಠಿ ಭೌತವಿಜ್ಞಾನಿ ಬ್ರಯನ್ ಟಿನ್ಸ್ಲಿ ಅವರನ್ನು ಮದುವೆಯಾದರು. ಪತಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಉದ್ಯೋಗವಿದ್ದ ಕಾರಣ ಪತ್ನಿಗೆ ಅಲ್ಲಿ ಕೆಲಸ ದೊರೆಯುವಂತಿರಲಿಲ್ಲ. ಮದುವೆಯ ಮುನ್ನ ಈ ನಿಯಮ ಅವರ ಗಮನಕ್ಕೆ ಬಂದಿರಲಿಲ್ಲವೆನ್ನುತ್ತಾರೆ. ಅಂದಿನ ದಿನಗಳಲ್ಲಿ ಇಂತಹ ನಿಯಮಗಳನ್ನು ಯಾರೂ ವಿಚಿತ್ರವೆಂದು ಬಗೆಯುತ್ತಿರಲಿಲ್ಲ.

1963ರಲ್ಲಿ ಪತಿಗೆ ಅಮೆರಿಕದ ಡಲ್ಲಾಸ್‌ನ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ದಂಪತಿ ಟೆಕ್ಸಸ್‌ಗೆ ಹೋದರು. ಡಲ್ಲಾಸ್‌ನಲ್ಲಿ ಬಿಯಾಟ್ರಿಸ್ ಅವರಿಗೆ ಮನೆವಾರ್ತೆಯ ಹೊರತು ಮಾಡಲು ಹೆಚ್ಚೇನೂ ಇರಲಿಲ್ಲ. 1964ರಲ್ಲಿ ಅವರು ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ವಿದ್ಯಾರ್ಥಿನಿಯಾಗಿ ಸೇರಿದರು. ಮನೆಯಿಂದ ಸುಮಾರು 300 ಕಿಲೋಮೀಟರ್ ದೂರ. ವಾರದ ಕೆಲವು ದಿನ ಅಲ್ಲಿ, ಉಳಿದ ದಿನ ಮನೆಯಲ್ಲಿ. ಇಂತಹ ಓಡಾಟದ ನಡುವೆಯೂ ಮೂರು ವರ್ಷ ತುಂಬುವ ಮುನ್ನವೇ, 1966ರ ಅಂತ್ಯಕ್ಕೆ, ಪ್ರಬಂಧ ಸಿದ್ಧವಾಗಿತ್ತು. ಅದೇ ವರ್ಷ ದಂಪತಿ ಒಂದು ಗಂಡು ಮಗುವನ್ನು ದತ್ತು ತೆಗೆದುಕೊಂಡರು. ಎರಡು ವರ್ಷಗಳ ಬಳಿಕ ಒಂದು ಹೆಣ್ಣು ಮಗು ಮನೆಗೆ ಬಂತು.

ಅಳತೆಗೋಲೇ ಬದಲಾದರೆ?

ಆ ಪ್ರಬಂಧದ ವಿಷಯ ಗೆಲಾಕ್ಸಿಗಳ ವಿಕಾಸ ಮತ್ತು ವಿಶ್ವವಿಜ್ಞಾನಕ್ಕೆ ಅದರ ಮಹತ್ವ. ಅದರಲ್ಲಿ ಅವರು ಮಾಡಿದ್ದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಒಂದು ಗೆಲಾಕ್ಸಿಯನ್ನು ಕೇವಲ ಅನಿಲದ ರಾಶಿಯಾಗಿ ಕಲ್ಪಿಸಿಕೊಳ್ಳುವುದು. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ವಿಭಜಿಸುವುದು. ಪ್ರತಿ ಹೆಜ್ಜೆಯಲ್ಲೂ ಎಷ್ಟು ಅನಿಲ ನಕ್ಷತ್ರವಾಯಿತು, ಅದರಲ್ಲಿ ಭಾರದವು ಎಷ್ಟು, ಹಗುರದವು ಎಷ್ಟು, ಹಿಂದೆ ಹುಟ್ಟಿದ್ದವುಗಳಲ್ಲಿ ಯಾವುವು ಸತ್ತವು, ಸಾಯುವಾಗ ಎಷ್ಟು ಅನಿಲವನ್ನು ಹಿಂದಿರುಗಿಸಿದವು, ಆ ಅನಿಲದಲ್ಲಿ ಆಮ್ಲಜನಕ, ಕಬ್ಬಿಣದಂತಹ ಭಾರ ಧಾತುಗಳು ಎಷ್ಟು ಸೇರಿಕೊಂಡವು ಎಂದು ಕೂಡಿ ಕಳೆಯುವುದು. ಕಡೆಗೆ ಎಲ್ಲ ನಕ್ಷತ್ರಗಳ ಬೆಳಕನ್ನು ಒಟ್ಟುಗೂಡಿಸಿ ಆ ಗೆಲಾಕ್ಸಿ ಇಂಥ ವಯಸ್ಸಿನಲ್ಲಿ ಯಾವ ಬಣ್ಣಕ್ಕೆ, ಎಷ್ಟು ಪ್ರಖರವಾಗಿ ಕಾಣಬೇಕು ಎಂದು ಹೇಳುವುದು. ಒಂದು ರೀತಿಯಲ್ಲಿ ಗೆಲಾಕ್ಸಿಯ ಜಮಾಖರ್ಚಿನ ಪುಸ್ತಕ ಅದು. ಅಂದಿನ ಕಂಪ್ಯೂಟರ್‌ಗಳ ಶಕ್ತಿ ಇಂದಿನ ಮೊಬೈಲ್ ಫೋನಿನ ಒಂದಂಶವೂ ಅಲ್ಲ ಎಂಬುದನ್ನು ನೆನೆದರೆ ಈ ಸಾಹಸದ ಅಗಾಧತೆ ತಿಳಿಯುತ್ತದೆ. ಈ ಲೆಕ್ಕ 1968ರಲ್ಲಿ ಆಸ್ಟ್ರೋಫಿಸಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಅದರ ಫಲಿತಾಂಶ ಆ ಕಾಲದ ಅತ್ಯಂತ ಪ್ರತಿಷ್ಠಿತ ಸಂಶೋಧನೆಯೊಂದರ ಬುಡಕ್ಕೇ ಕೈ ಹಾಕಿತು. ವಿಶ್ವ ಹಿಗ್ಗುತ್ತಿದೆ ಎಂಬುದು 1920ರ ದಶಕದ ಕೊನೆಯಿಂದಲೇ ತಿಳಿದಿತ್ತು. ಈ ಹಿಗ್ಗುವಿಕೆ ಗುರುತ್ವದ ಸೆಳೆತಕ್ಕೆ ಸಿಕ್ಕಿ ಎಷ್ಟು ನಿಧಾನವಾಗುತ್ತಿದೆ, ಒಂದು ದಿನ ನಿಂತು ಹಿಂದಿರುಗುವುದೇ, ಇಲ್ಲವೇ ಅನಂತವಾಗಿ ಮುಂದುವರಿಯುವುದೇ ಎಂಬುದು ಪ್ರಶ್ನೆಯಾಗಿತ್ತು. ಎಡ್ವಿನ್ ಹಬಲ್ ಅವರ ಉತ್ತರಾಧಿಕಾರಿಯೆನಿಸಿದ್ದ ಅಲನ್ ಸ್ಯಾಂಡೇಜ್ ಇದನ್ನು ಅಳೆಯಲು ದೈತ್ಯ ಅಂಡಾಕಾರದ ಗೆಲಾಕ್ಸಿಗಳನ್ನು ಆರಿಸಿಕೊಂಡಿದ್ದರು. ಅವು ಎಲ್ಲ ಕಡೆಯೂ, ಎಲ್ಲ ಕಾಲದಲ್ಲೂ ಹೆಚ್ಚುಕಡಿಮೆ ಒಂದೇ ಪ್ರಖರತೆಯವು ಎಂಬುದು ಗ್ರಹಿಕೆ. ಒಂದೇ ವ್ಯಾಟಿನ ಬಲ್ಬುಗಳನ್ನು ಬೇರೆ ಬೇರೆ ದೂರದಲ್ಲಿ ನೇತುಹಾಕಿದ್ದರೆ, ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಹೇಳಬಹುದಲ್ಲವೇ? ಇದೂ ಹಾಗೆಯೇ.

ಬಲ್ಬಿನ ವ್ಯಾಟೇ ಕಾಲದೊಂದಿಗೆ ಬದಲಾಗುತ್ತದೆ ಎಂದು ಟಿನ್ಸ್ಲಿಯವರ ಲೆಕ್ಕ ತೋರಿಸಿತು. ದೂರದ ಗೆಲಾಕ್ಸಿಯಿಂದ ಇಂದು ನಮಗೆ ತಲುಪುವ ಬೆಳಕು ಕೋಟ್ಯಂತರ ವರ್ಷಗಳ ಹಿಂದೆ ಹೊರಟದ್ದು. ಅಂದು ಆ ಗೆಲಾಕ್ಸಿಯ ನಕ್ಷತ್ರಗಳು ಇನ್ನೂ ಎಳೆಯವು, ಹಾಗಾಗಿ ಗೆಲಾಕ್ಸಿಯೂ ಹೆಚ್ಚು ಪ್ರಖರ. ಅದನ್ನು ಗಣಿಸದಿದ್ದರೆ ಗೆಲಾಕ್ಸಿ ಇರುವುದಕ್ಕಿಂತ ಹತ್ತಿರದಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ವಿಶ್ವದ ಓಟ ನಿಜಕ್ಕಿಂತ ಹೆಚ್ಚು ನಿಧಾನವಾಗುತ್ತಿದೆಯೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಸ್ಯಾಂಡೇಜ್ ಇದನ್ನು ಒಪ್ಪಲಿಲ್ಲ. ಪರಿಣಾಮ ನಗಣ್ಯವೆಂಬುದು ಅವರ ವಾದ. ಒಬ್ಬರು ಜಗದ್ವಿಖ್ಯಾತರು, ಪ್ರಪಂಚದ ಅತಿ ದೊಡ್ಡ ದೂರದರ್ಶಕದ ಒಡನಾಟವುಳ್ಳವರು. ಇನ್ನೊಬ್ಬರು ಕಾಯಂ ಹುದ್ದೆಯೂ ಇಲ್ಲದ, ಎರಡು ಚಿಕ್ಕ ಮಕ್ಕಳ ತಾಯಿ. ಆದರೂ ಟಿನ್ಸ್ಲಿ ಹಿಂಜರಿಯಲಿಲ್ಲ. ಕೆಲವೇ ವರ್ಷಗಳಲ್ಲಿ ವಿಜ್ಞಾನ ಲೋಕ ಅವರ ಕಡೆಗೆ ವಾಲಿತು. ಗೆಲಾಕ್ಸಿಗಳ ವಿಕಾಸವನ್ನು ಅರಿಯದೆ ಅವುಗಳನ್ನು ವಿಶ್ವದ ಅಳತೆಗೋಲಾಗಿ ಬಳಸುವಂತಿಲ್ಲ ಎಂಬುದು ಇಂದು ಪಠ್ಯಪುಸ್ತಕದ ಮಾತು.

1974ರಲ್ಲಿ ರಿಚರ್ಡ್ ಗಾಟ್, ಜೇಮ್ಸ್ ಗನ್, ಡೇವಿಡ್ ಶ್ರಾಮ್ ಅವರೊಂದಿಗೆ ಸೇರಿ ಬರೆದ ಪ್ರಬಂಧದಲ್ಲಿ ಟಿನ್ಸ್ಲಿ, ವಿಶ್ವದಲ್ಲಿರುವ ದ್ರವ್ಯ ಅದರ ಹಿಗ್ಗುವಿಕೆಯನ್ನು ತಡೆಯಲು ಸಾಲದು ಎಂದು ಪ್ರತಿಪಾದಿಸಿದರು. ಮರುವರ್ಷ ಗನ್ ಅವರೊಂದಿಗೆ ನೇಚರ್ ಪತ್ರಿಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಪಡೆಯುತ್ತಿರಬಹುದು ಎಂದೂ ಸೂಚಿಸಿದರು. ಅಂದಿನ ಅಳತೆಗಳು ಅಷ್ಟು ದೊಡ್ಡ ತೀರ್ಮಾನವನ್ನು ಹೊರುವಷ್ಟು ಗಟ್ಟಿಯಾಗಿರಲಿಲ್ಲ. ಅದೇ ನಿರ್ಣಯ 1998ರಲ್ಲಿ ಸ್ಫೋಟಿಸುವ ನಕ್ಷತ್ರಗಳ ಅಧ್ಯಯನದಿಂದ ಬೇರೆ ದಾರಿಯಲ್ಲಿ ದೃಢಪಟ್ಟಾಗ ಟಿನ್ಸ್ಲಿ ಇರಲಿಲ್ಲ.

ಡಲ್ಲಾಸ್ ಬಿಟ್ಟ ವರ್ಷ

1974 ಅವರ ಬದುಕಿನ ಸಂಧಿಕಾಲ. ಆ ವರ್ಷ ಮಹಿಳಾ ಖಗೋಳ ವಿಜ್ಞಾನಿಗಳಿಗೆ ಮೀಸಲಾದ ಆನಿ ಜಂಪ್ ಕ್ಯಾನನ್ ಪ್ರಶಸ್ತಿ ಸಂದಿತು. ಆ ವೇಳೆಗೆ ದೇಶದ ಪ್ರಮುಖ ವೀಕ್ಷಣಾಲಯಗಳಿಂದ ಆಹ್ವಾನಗಳು ಬರುತ್ತಿದ್ದವು. ಮನೆಯಿದ್ದ ಊರಿನಲ್ಲಿ ಮಾತ್ರ ಅವರ ಯೋಗ್ಯತೆಗೆ ತಕ್ಕ ಕಾಯಂ ಹುದ್ದೆ ದೊರೆಯಲಿಲ್ಲ. ಸಂಸಾರ, ಮಕ್ಕಳು, ದೂರದೂರಿನ ಓಡಾಟ, ಸಂಶೋಧನೆ ಎಲ್ಲವನ್ನೂ ಹೊತ್ತು ಹತ್ತು ವರ್ಷ ತೂಗಿಸಿದ್ದಾಗಿತ್ತು. ಕಡೆಗೆ ಅವರು ವಿಚ್ಛೇದನ ಪಡೆದು ಡಲ್ಲಾಸ್ ತೊರೆದರು. ಮಕ್ಕಳು ತಂದೆಯ ಬಳಿ ಉಳಿದರು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಕೆಲಕಾಲ ಕಳೆದು, 1975ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ನ್ಯೂ ಹೇವನ್‌ನಲ್ಲಿರುವ ಯೇಲ್ ವಿಶ್ವವಿದ್ಯಾಲಯಕ್ಕೆ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರು.

ಮಕ್ಕಳನ್ನು ಬಿಟ್ಟು ಹೋದ ತಾಯಿ ಎಂಬ ಮಾತು ಅವರ ಬೆನ್ನಿಗೆ ಅಂಟಿಕೊಂಡಿತು. ಉದ್ಯೋಗಕ್ಕಾಗಿ ಊರು ಬಿಟ್ಟ ಎಷ್ಟೋ ಮಂದಿ ವಿಜ್ಞಾನಿ ತಂದೆಯರ ಜೀವನಚರಿತ್ರೆಗಳಲ್ಲಿ ಇಂತಹ ಸಾಲು ಕಾಣಸಿಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಗೆಂದು ಆ ನಿರ್ಧಾರ ಹಗುರವಾಗಿತ್ತೆಂದೂ ಅಲ್ಲ. ಆ ಅಗಲಿಕೆಯ ನೋವು ಕಡೆಯವರೆಗೂ ಅವರ ಪತ್ರಗಳಲ್ಲಿ ಉಳಿದಿತ್ತೆಂದು ಅವರ ಬದುಕನ್ನು ಬಲ್ಲವರು ದಾಖಲಿಸಿದ್ದಾರೆ.

ಯೇಲ್‌ನ ಆರು ವರ್ಷಗಳಲ್ಲಿ ಅವರಿಗೆ ಕೊನೆಗೂ ತಮ್ಮದೆನ್ನುವ ಕೊಠಡಿ, ವಿದ್ಯಾರ್ಥಿಗಳು, ಸರಿಸಾಟಿಯಾದ ಸಹೋದ್ಯೋಗಿ ದೊರೆತರು. ಆ ಸಹೋದ್ಯೋಗಿ ರಿಚರ್ಡ್ ಲಾರ್ಸನ್. ಅನಿಲ ಮೋಡಗಳು ಕುಸಿದು ಗೆಲಾಕ್ಸಿಗಳೂ ನಕ್ಷತ್ರಗಳೂ ರೂಪುಗೊಳ್ಳುವ ಬಗೆಯಲ್ಲಿ ಅವರು ನಿಷ್ಣಾತರು. ಇಬ್ಬರೂ ಸೇರಿ 1977ರ ಮೇ ತಿಂಗಳಲ್ಲಿ ಯೇಲ್‌ನಲ್ಲಿ ಗೆಲಾಕ್ಸಿಗಳ ವಿಕಾಸ ಕುರಿತು ಸಮ್ಮೇಳನ ಏರ್ಪಡಿಸಿದರು. ಅಲ್ಲಿಯವರೆಗೆ ಚದುರಿಹೋಗಿದ್ದ ಸಂಶೋಧಕರನ್ನು ಒಂದೆಡೆ ಕಲೆಹಾಕಿದ ಆ ಸಭೆಯನ್ನು ಈ ವಿಷಯ ಸ್ವತಂತ್ರ ಶಾಖೆಯಾಗಿ ನಿಂತ ಗಳಿಗೆಯೆಂದು ಹಲವರು ಪರಿಗಣಿಸುತ್ತಾರೆ. 1978ರಲ್ಲಿ ಇಬ್ಬರ ಇನ್ನೊಂದು ಪ್ರಬಂಧ ಬಂತು. ವಿಕಾರ ಆಕೃತಿಯ, ಒಂದಕ್ಕೊಂದು ತಾಗಿದ ಗೆಲಾಕ್ಸಿಗಳ ಬಣ್ಣಗಳನ್ನು ಪರೀಕ್ಷಿಸಿ, ಅಂತಹ ಡಿಕ್ಕಿಗಳು ಅನಿಲವನ್ನು ಕದಡಿ ನಕ್ಷತ್ರಗಳ ದಿಢೀರ್ ಸುಗ್ಗಿಯನ್ನೇ ಹುಟ್ಟಿಸುತ್ತವೆಂದು ಅದರಲ್ಲಿ ತೋರಿಸಿದರು. ಅದೇ ವರ್ಷ ಟಿನ್ಸ್ಲಿ ಯೇಲ್‌ನ ಖಗೋಳ ವಿಭಾಗದ ಪ್ರಥಮ ಮಹಿಳಾ ಪ್ರಾಧ್ಯಾಪಕರಾದರು.

ಅದೇ ವರ್ಷ ಕಾಲಿನ ಮೇಲಿದ್ದ ಒಂದು ಮಚ್ಚೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು.

ಕೆರೆ ಬತ್ತುವುದು ಹೇಗೆ?

ಸುರುಳಿ ಗೆಲಾಕ್ಸಿಯಂತೆ ಚಪ್ಪಟೆ ತಟ್ಟೆಯಿದ್ದೂ, ಸುರುಳಿ ತೋಳುಗಳಾಗಲಿ ಹೊಸ ನಕ್ಷತ್ರಗಳಾಗಲಿ ಇಲ್ಲದ ಒಂದು ಬಗೆಯ ಗೆಲಾಕ್ಸಿಗಳಿವೆ. ಅವನ್ನು ಮಸೂರಾಕಾರದ ಗೆಲಾಕ್ಸಿಗಳೆನ್ನುತ್ತಾರೆ. ನೂರಾರು, ಸಾವಿರಾರು ಗೆಲಾಕ್ಸಿಗಳು ಒತ್ತೊತ್ತಾಗಿರುವ ಗುಚ್ಛಗಳಲ್ಲಿ ಇವು ವಿಪುಲ. ನೋಡಿದರೆ ಸುರುಳಿಯೊಂದು ದೀಪ ಆರಿಸಿಕೊಂಡು ಕುಳಿತಂತೆ ತೋರುತ್ತವೆ. ಇವು ಹೀಗಾದದ್ದು ಹೇಗೆ?

ಅದಕ್ಕೆ ಮುಂಚೆಯೇ ಎರಡು ಉತ್ತರಗಳಿದ್ದವು. ಗೆಲಾಕ್ಸಿಗಳು ಪರಸ್ಪರ ಡಿಕ್ಕಿ ಹೊಡೆದಾಗ ನಕ್ಷತ್ರಗಳು ಒಂದರೊಳಗೊಂದು ಹಾದುಹೋಗಿ, ಅನಿಲ ಮಾತ್ರ ಗುಡಿಸಿಹೋಗುತ್ತದೆ ಎಂದು 1951ರಲ್ಲಿ ಲೈಮನ್ ಸ್ಪಿಟ್ಜರ್ ಮತ್ತು ವಾಲ್ಟರ್ ಬಾಡೆ ಊಹಿಸಿದ್ದರು. ಗುಚ್ಛದ ಒಳಗೆ ತುಂಬಿರುವ ಬಿಸಿ ಅನಿಲದಲ್ಲಿ ಗೆಲಾಕ್ಸಿ ವೇಗವಾಗಿ ನುಗ್ಗುವಾಗ, ಎದುರುಗಾಳಿಗೆ ಟೋಪಿ ಹಾರಿಹೋಗುವಂತೆ, ಅದರ ಅನಿಲ ಕಳಚಿಹೋಗುತ್ತದೆ ಎಂದು 1972ರಲ್ಲಿ ಗನ್ ಮತ್ತು ಗಾಟ್ ಹೇಳಿದ್ದರು. ಎರಡರಲ್ಲೂ ನಕ್ಷತ್ರಗಳ ಹುಟ್ಟು ಹಠಾತ್ತನೆ ನಿಲ್ಲುತ್ತದೆ.

ಲಾರ್ಸನ್, ಟಿನ್ಸ್ಲಿ ಮತ್ತು ಅವರ ವಿಭಾಗದ ನೆಲ್ಸನ್ ಕಾಲ್ಡ್‌ವೆಲ್ 1980ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಅವರು ಮೊದಲು ಕೇಳಿದ್ದು, ಬದುಕಿರುವ ಸುರುಳಿ ಗೆಲಾಕ್ಸಿಗಳು ಇನ್ನೂ ಬದುಕಿರುವುದಾದರೂ ಹೇಗೆ ಎಂದು. ಸುರುಳಿ ಗೆಲಾಕ್ಸಿಯೊಂದರಲ್ಲಿ ಇರುವ ಅನಿಲ ಎಷ್ಟು, ವರ್ಷಕ್ಕೆ ಖರ್ಚಾಗುವುದು ಎಷ್ಟು ಎಂದು ಭಾಗಿಸಿ ನೋಡಿದರೆ, ದಾಸ್ತಾನು ಇನ್ನು ಕೆಲವು ನೂರು ಕೋಟಿ ವರ್ಷಗಳಲ್ಲಿ ಮುಗಿಯಬೇಕು. ವಿಶ್ವದ ವಯಸ್ಸಾದರೋ ಈಗಿನ ಅಂದಾಜಿನಂತೆ 1,380 ಕೋಟಿ ವರ್ಷ. ಇಷ್ಟು ಕಾಲ ಉರಿದ ದೀಪಗಳೆಲ್ಲವೂ ನಾವು ನೋಡುತ್ತಿರುವ ಈ ಹೊತ್ತಿನಲ್ಲೇ ಎಣ್ಣೆ ತೀರುವ ಹಂತಕ್ಕೆ ಬಂದಿವೆ ಎಂದರೆ ನಂಬಲಾಗದು. ಎಂದಮೇಲೆ ಎಲ್ಲಿಂದಲೋ ಎಣ್ಣೆ ಬರುತ್ತಿರಬೇಕು. ಗೆಲಾಕ್ಸಿ ರೂಪುಗೊಂಡಾಗ ಉಳಿದ ಅನಿಲ ಅದರ ಸುತ್ತ ವಿಶಾಲವಾದ ಹೊದಿಕೆಯಾಗಿ ನಿಂತಿದ್ದು, ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ತಟ್ಟೆಗೆ ಇಳಿದುಬರುತ್ತಿದೆ ಎಂಬುದು ಅವರ ತರ್ಕ.

ನಮ್ಮ ಕೆರೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೆರೆಯ ನೀರನ್ನು ಯಾರೂ ಮೊಗೆದು ಚೆಲ್ಲಬೇಕಾಗಿಲ್ಲ; ನೀರು ತರುವ ರಾಜಕಾಲುವೆಯನ್ನು ಮುಚ್ಚಿದರೆ ಸಾಕು. ತೂಬಿನಿಂದ ನೀರು ಹರಿಯುತ್ತಲೇ ಇರುತ್ತದೆ, ಕೆಲಕಾಲ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಮುಂದೊಂದು ಬೇಸಗೆಯಲ್ಲಿ ಕೆರೆಯಂಗಳ ಕಾಣುತ್ತದೆ. ಗುಚ್ಛಗಳ ನೂಕುನುಗ್ಗಲಿನಲ್ಲಿ ಗೆಲಾಕ್ಸಿಯ ಹೊರ ಹೊದಿಕೆ ಸುಲಭವಾಗಿ ಕಳಚಿಹೋಗುತ್ತದೆ. ಒಳಗಿನ ತಟ್ಟೆಯಲ್ಲಿರುವ ಅನಿಲ ಹಾಗೆಯೇ ಉಳಿದಿರುತ್ತದೆ. ಅದು ಮುಗಿಯುವವರೆಗೆ ನಕ್ಷತ್ರಗಳು ಹುಟ್ಟುತ್ತವೆ, ಕಡಿಮೆಯಾಗುತ್ತ ಬರುತ್ತವೆ, ಕಡೆಗೆ ನಿಲ್ಲುತ್ತವೆ. ಸುರುಳಿ ಮಸೂರವಾಗುತ್ತದೆ.

ಈ ವಾದಕ್ಕೆ ಅವರು ಕಾಕತಾಳೀಯವಾಗಿ ಒದಗಿದ ಒಂದು ಸಾಕ್ಷ್ಯವನ್ನೂ ಬಳಸಿಕೊಂಡರು. 1978ರಲ್ಲಿ ಹಾರ್ವೆ ಬುಚರ್ ಮತ್ತು ಆಗಸ್ಟಸ್ ಓಮ್ಲರ್ ಎಂಬ ಖಗೋಳಜ್ಞರು ಬಹು ದೂರದ ಎರಡು ಗುಚ್ಛಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ನೀಲಿ ಗೆಲಾಕ್ಸಿಗಳಿರುವುದನ್ನು ಕಂಡಿದ್ದರು. ಆ ಬೆಳಕು ಹೊರಟು 400 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಹತ್ತಿರದ ಕೋಮಾ ಗುಚ್ಛದಂತಹವುಗಳಲ್ಲಿ ನೀಲಿಯವು ಬೆರಳೆಣಿಕೆ. ಹೊದಿಕೆ ಕಳಚಿದ ಗೆಲಾಕ್ಸಿಗಳು ಕೆಲವು ನೂರು ಕೋಟಿ ವರ್ಷಗಳಲ್ಲಿ ನಂದುತ್ತವೆಂದಾದರೆ, ಅಂದಿನ ಗುಚ್ಛಗಳಲ್ಲಿ ಇನ್ನೂ ಉರಿಯುತ್ತಿದ್ದವು ಇಂದಿಗೆ ಆರಿರಬೇಕಾದದ್ದು ಸಹಜವೇ.

ಪ್ರಬಂಧ ಪ್ರಕಟವಾದಾಗ ಕ್ಯಾನ್ಸರ್ ಟಿನ್ಸ್ಲಿಯವರ ದೇಹದಲ್ಲಿ ಹರಡತೊಡಗಿತ್ತು. ಚಿಕಿತ್ಸೆಯ ನಡುವೆಯೂ ಅದೇ ವರ್ಷ ಅವರು ಗೆಲಾಕ್ಸಿಗಳಲ್ಲಿ ನಕ್ಷತ್ರ ಮತ್ತು ಅನಿಲದ ವಿಕಾಸ ಕುರಿತು ದೀರ್ಘ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಈ ವಿಷಯದ ವಿದ್ಯಾರ್ಥಿಗಳು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಬಲಗೈ ಸ್ವಾಧೀನ ತಪ್ಪಿದಾಗ ಎಡಗೈಯಲ್ಲಿ ಬರೆಯುವುದನ್ನು ಕಲಿತರು. ಯೇಲ್‌ನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಕೊನೆಯ ಪ್ರಬಂಧವನ್ನು ಪೂರೈಸಿ, ಸಾವಿಗೆ ಕೆಲವೇ ದಿನಗಳ ಮುನ್ನ ಆಸ್ಟ್ರೋಫಿಸಿಕಲ್ ಜರ್ನಲ್‌ಗೆ ಕಳುಹಿಸಿದರು. 1981ರ ಮಾರ್ಚ್ 23ರಂದು ಕೊನೆಯುಸಿರೆಳೆದರು. ಪ್ರಬಂಧ ಅದೇ ವರ್ಷ ಅಚ್ಚಾಯಿತು. ಅವರು ಬರೆದ ಸಂಶೋಧನಾ ಪ್ರಬಂಧಗಳ ಸಂಖ್ಯೆ ಸುಮಾರು ನೂರು. ಅಮೆರಿಕನ್ ಅಸ್ಟ್ರೊನಾಮಿಕಲ್ ಸೊಸೈಟಿ 1986ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ನೀಡುತ್ತ ಬಂದಿದೆ. ಒಂದು ಕ್ಷುದ್ರಗ್ರಹಕ್ಕೂ ಅವರ ಹೆಸರಿದೆ.

ಮೂವತ್ತೈದು ವರ್ಷಗಳ ನಂತರ

1980ರ ಆ ಊಹೆಗೆ ಮುಂದೆ ಉಸಿರುಗಟ್ಟಿಸುವಿಕೆ ಎಂದೂ, ಉಪವಾಸ ಎಂದೂ ವಿಜ್ಞಾನಿಗಳು ಹೆಸರಿಟ್ಟರು. ಆದರೆ ಗೆಲಾಕ್ಸಿ ಹಠಾತ್ತನೆ ಸತ್ತಿತೋ, ಉಪವಾಸ ಬಿದ್ದು ಸತ್ತಿತೋ ಎಂದು ಸತ್ತ ಮೇಲೆ ಪತ್ತೆ ಹಚ್ಚುವುದು ಹೇಗೆ? ಇದಕ್ಕೆ 2015ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಒಂದು ಜಾಣ ಉಪಾಯ ಪ್ರಕಟಿಸಿದರು. ಅದರ ಬೇರು ಟಿನ್ಸ್ಲಿಯವರ ಜಮಾಖರ್ಚಿನ ಪುಸ್ತಕದಲ್ಲೇ ಇದೆ. ಒಲೆಯ ಮೇಲಿನ ಸಾರಿಗೆ ಆಗಾಗ ನೀರು ಸೇರಿಸುತ್ತಿದ್ದರೆ ಉಪ್ಪು ಹದವಾಗಿರುತ್ತದೆ. ನೀರು ಸೇರಿಸುವುದನ್ನು ನಿಲ್ಲಿಸಿ ಕುದಿಸುತ್ತಲೇ ಇದ್ದರೆ ಸಾರು ಉಪ್ಪುಪ್ಪಾಗುತ್ತದೆ. ಗೆಲಾಕ್ಸಿಗೆ ಹೊರಗಿನಿಂದ ಬರುವ ಅನಿಲ ಬಹುಮಟ್ಟಿಗೆ ಶುದ್ಧ ಜಲಜನಕ ಮತ್ತು ಹೀಲಿಯಂ. ಅದು ನಿಂತರೆ, ಒಳಗೆ ಉಳಿದ ಅನಿಲದಲ್ಲಿ ನಕ್ಷತ್ರಗಳು ಹುಟ್ಟಿ ಸತ್ತಂತೆಲ್ಲ ಭಾರ ಧಾತುಗಳ ಪ್ರಮಾಣ ಏರುತ್ತ ಹೋಗುತ್ತದೆ, ಕಡೆಗೆ ಹುಟ್ಟಿದ ನಕ್ಷತ್ರಗಳಲ್ಲಿ ಅದರ ಗುರುತು ಉಳಿಯುತ್ತದೆ. ಅನಿಲ ಹಠಾತ್ತನೆ ಹಾರಿಹೋಗಿದ್ದರೆ ಈ ಗುರುತು ಇರದು.

ಹತ್ತಿರದ 26,000ಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಹೀಗೆ ಹೋಲಿಸಿದಾಗ, ನಂದಿಹೋದವುಗಳ ನಕ್ಷತ್ರಗಳಲ್ಲಿ ಅಷ್ಟೇ ತೂಕದ ಉರಿಯುವ ಗೆಲಾಕ್ಸಿಗಳಿಗಿಂತ ಭಾರ ಧಾತುಗಳು ಹೆಚ್ಚಿರುವುದು ಕಂಡಿತು. ಪೂರೈಕೆ ನಿಂತ ಮೇಲೆ ಅವು ಪೂರ್ತಿ ನಂದಲು ಸಾಮಾನ್ಯವಾಗಿ ಸುಮಾರು 400 ಕೋಟಿ ವರ್ಷ ಹಿಡಿದಿರಬೇಕೆಂದು ಲೆಕ್ಕ ಬಂತು. ಬಹುಪಾಲು ಗೆಲಾಕ್ಸಿಗಳ ಸಾವಿಗೆ ಉಪವಾಸವೇ ಮುಖ್ಯ ಕಾರಣ ಎಂಬುದು ಅವರ ತೀರ್ಮಾನ.

ಈ ಕಥೆಯಲ್ಲಿ ನಮ್ಮವರ ಪಾಲೂ ಇದೆ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕವನ್ನು ಬಳಸಿ, ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 7,653 ದೂರದ ಗೆಲಾಕ್ಸಿಗಳ ಜಲಜನಕದ ಕ್ಷೀಣ ಸಂಕೇತಗಳನ್ನು ಒಟ್ಟುಗೂಡಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟು ಹಿಂದಿನ ಕಾಲದ ಗೆಲಾಕ್ಸಿಗಳಲ್ಲಿದ್ದ ಜಲಜನಕ, ಅವು ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದ ವೇಗಕ್ಕೆ, 100ರಿಂದ 200 ಕೋಟಿ ವರ್ಷಗಳಿಗಷ್ಟೇ ಸಾಲುತ್ತಿತ್ತು. ಇಡೀ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಕಳೆದ 800 ಕೋಟಿ ವರ್ಷಗಳಲ್ಲಿ ಇಳಿಮುಖವಾಗಿರುವುದಕ್ಕೆ ಹೊರಗಿನ ಪೂರೈಕೆ ಸಾಲದಾದದ್ದೇ ಕಾರಣವಿರಬಹುದೆಂದು ಅವರು ಸೂಚಿಸಿದ್ದಾರೆ. ದಾಸ್ತಾನನ್ನು ಖರ್ಚಿನಿಂದ ಭಾಗಿಸುವ ಅದೇ ಹಳೆಯ ಲೆಕ್ಕ ಇದು.

ಎಲ್ಲ ಗೆಲಾಕ್ಸಿಗಳ ಕಥೆಯೂ ಇದೇ ಎನ್ನುವಂತಿಲ್ಲ. ಅತಿ ಭಾರದ ಗೆಲಾಕ್ಸಿಗಳಲ್ಲಿ 2015ರ ಆ ಹೋಲಿಕೆಯಿಂದ ಏನೂ ಸ್ಪಷ್ಟವಾಗಲಿಲ್ಲ. ಅಂತಹವುಗಳ ನಡುವಿನ ದೈತ್ಯ ಕಪ್ಪುರಂಧ್ರಗಳು ಹೊರಸೂಸುವ ಶಕ್ತಿ ಸುತ್ತಲ ಅನಿಲವನ್ನು ಕಾಯಿಸಿ, ಅದು ತಣಿದು ಕೆಳಗಿಳಿಯದಂತೆ ತಡೆಯುತ್ತದೆ ಎಂಬುದು ಈಗಿನ ಪ್ರಬಲ ವಿವರಣೆ. ಜೇಮ್ಸ್ ವೆಬ್ ದೂರದರ್ಶಕ ಒಡ್ಡಿರುವ ಒಗಟು ಇನ್ನೂ ದೊಡ್ಡದು. ವಿಶ್ವಕ್ಕೆ ಕೇವಲ 125 ಕೋಟಿ ವರ್ಷ ವಯಸ್ಸಾಗಿದ್ದಾಗಲೇ ನಕ್ಷತ್ರಗಳನ್ನು ಹುಟ್ಟಿಸುವುದನ್ನು ನಿಲ್ಲಿಸಿ ಕುಳಿತಿದ್ದ ಜಿಎಸ್-9209 ಎಂಬ ಗೆಲಾಕ್ಸಿಯ ವಿವರಗಳು 2023ರಲ್ಲಿ ಪ್ರಕಟವಾದವು. 400 ಕೋಟಿ ವರ್ಷಗಳ ನಿಧಾನದ ಉಪವಾಸಕ್ಕೆ ಅಲ್ಲಿ ಕಾಲಾವಕಾಶವೇ ಇರಲಿಲ್ಲ.